ತಲೆ, ಕಾಲು, ಬೋಟಿ ಮತ್ತು ಅವ್ವನ ಟೈಮ್‌ಶೀಟು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ರೂಮಿನಲ್ಲಿ ಕೂತು ಮೊಬೈಲ್‌ನಲ್ಲಿ ಮಾಂಸ ತರಿಸೋ ಆಪ್ ನೋಡ್ತಾ ಇದ್ದೆ. ಕುರಿ ಕಾಲು ಕಣ್ಣಿಗೆ ಬಿತ್ತು. ಸುಟ್ಟು, ಕೆರೆದು, ತೊಳೆದು, ತುಂಡು ಮಾಡಿ, ಚೆಂದದ ಡಬ್ಬಿಯಲ್ಲಿ ಇಟ್ಟ ಫೋಟೋ. ರೇಟು ನೋಡಿ ತಡೆಯೋಕಾಗದೆ ಊರಿಗೆ ಫೋನ್ ಹಚ್ಚಿ ಅವ್ವನಿಗೆ ಹೇಳಿದೆ.

"ನಾಕು ಕಾಲಿಗಾ? ಯಪ್ಪಾ! ಆಗ ಅಷ್ಟು ರೊಕ್ಕ ಕೊಟ್ಟಿದ್ರ ತಲಿ, ಕಾಲು, ಬೋಟಿ ಎಲ್ಲಾ ಬರ್ತಿತ್ತು, ಮ್ಯಾಲ ವಾರದ ಕಾಯಿಪಲ್ಯನೂ ಬರ್ತಿತ್ತು" ಅಂದಳು.

"ಸ್ವಚ್ಛ ಮಾಡಿ ಕೊಡ್ತಾರಬೇ" ಅಂದೆ.

"ಹಂಗಾದ್ರ ಅದು ಕಾಲಿನ ರೊಕ್ಕ ಅಲ್ಲ ಬಿಡು, ತೊಳದದ್ದರ ರೊಕ್ಕ" ಅಂದು ಬೇರೆ ಮಾತಿಗೆ ಹೋದಳು.

ಅವ್ವ ಮರೆತಿರಬಹುದು, ನನಗೆ ಮಾತ್ರ ಆ ಮಾತು ತಲೆಯಿಂದ ಹೋಗ್ಲಿಲ್ಲ. ಈ ಅಗ್ಗದ ಮಾಂಸದ ಕಥೆ ಎಲ್ಲಿಂದ ಶುರು ಅಂತ ಹುಡುಕ್ತಾ ಹೋದೆ. ಒಂದು ತಿಂಗಳ ರಾತ್ರಿಗಳು ಅದಕ್ಕೇ ಹೋದ್ವು. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಕೂತ್ಕೊಳ್ಳಿ :-)

*

ನಮ್ಮೂರು ಸಿರವಾರ, ರಾಯಚೂರು ಜಿಲ್ಲೆ. ನಾನು ಹುಟ್ಟಿದಾಗ ಮಾನ್ವಿ ತಾಲ್ಲೂಕಿನ ಒಂದು ಊರಾಗಿತ್ತು, 2018ರಲ್ಲಿ ತಾನೇ ತಾಲ್ಲೂಕಾಯ್ತು. ಒಂದು ಕಡೆ ದೇವದುರ್ಗ, ಇನ್ನೊಂದು ಕಡೆ ಮಾನ್ವಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಕಾಶೆಯಲ್ಲಿ ನೋಡಿದ್ರೆ ಎರಡು ಹೊಳೆ ನಡುವೆ ಇದ್ದೀವಿ, ಆದ್ರೆ ಹೆಸರು ಮಾಡಿದ್ದು ಬರಕ್ಕೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು ಕಡೆ ಭತ್ತ ಬಂತು. ಕಾಲುವೆಯ ಕೊನೆಯಲ್ಲಿರೋ ನಮಗೆ ನೀರಿಗಿಂತ ನೀರಿನ ಸುದ್ದಿ ಜಾಸ್ತಿ ಬರುತ್ತೆ.

ನಮ್ಮ ಕಡೆ ಮಾಂಸಕ್ಕೆ 'ಖಂಡ' ಅಂತೀವಿ. ಮೈಸೂರು ಕಡೆಯ ಗೆಳೆಯರು 'ಬಾಡು' ಅಂದ್ರೆ ಮೊದಮೊದಲು ನನಗೆ ಸೊಪ್ಪು ಬಾಡಿ ಹೋಗೋದೇ ನೆನಪಾಗ್ತಿತ್ತು. ಬಯಲು ಸೀಮೆ ಆದ್ದರಿಂದ ಕುರಿಗೆ ಬರ ಇಲ್ಲ. ಕೆಂಗುರಿ ಅಂತ ಒಂದು ತಳಿಯೇ ಇದೆ, ಕೆಂಪು ಮೈಯದ್ದು. ಲಿಂಗಸೂಗೂರು, ಸಿಂಧನೂರು ಭಾಗ ಅದರ ತವರು. ಉಣ್ಣೆಗಲ್ಲ, ಮಾಂಸಕ್ಕೇ ಸಾಕೋದು. ಕುರಿ ಕಣ್ಣೆದುರಿಗೇ ಮೇಯ್ತಿದ್ರೂ ಅದರ ಖಂಡ ಮಾತ್ರ ನಮ್ಮ ಮನೆಗೆ ಬರ್ತಿದ್ದದ್ದು ಹಬ್ಬಕ್ಕೋ ಬೀಗರು ಬಂದಾಗಲೋ.

ಅಪ್ಪ ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ದ. ಮನೇಲಿ ಆರು ಬಾಯಿ. ಕಟಗರ ಅಂಗಡಿಗೆ ನನ್ನನ್ನ ಕಳಿಸುವಾಗ ಅವ್ವ ಹೇಳ್ತಿದ್ದದ್ದು ಒಂದೇ ಮಾತು, "ತಲಿ ಸಿಕ್ಕರ ತಲಿ, ಇಲ್ಲಂದ್ರ ಬೋಟಿ." ತೊಡೆ, ಪಕ್ಕೆಲುಬು ತೂಗಿ ಮಾರಾಟವಾಗ್ತಿದ್ವು. ತಲೆ, ಕಾಲು, ಬೋಟಿ ಅಂದ್ರೆ ಹೊಟ್ಟೆ-ಕರುಳು, ಇವೆಲ್ಲ ತಕ್ಕಡಿ ಏರ್ತಾನೇ ಇರ್ಲಿಲ್ಲ. ಒಟ್ಟಾಗಿ ಇಷ್ಟು ಅಂತ ಕೊಡೋರು. ಒಂದು ಕಿಲೋ ಖಂಡದ ದುಡ್ಡಿನಲ್ಲಿ ಎರಡು ವಾರ ನಡೀತಿತ್ತು.

ಆಮೇಲೆ ಮನೇಲಿ ನಡೀತಿದ್ದದ್ದು ಕೇಳಿ. ತಲೆ, ಕಾಲುಗಳನ್ನ ಉರಿ ಮೇಲೆ ಹಿಡಿದು ಕೂದಲು ಸುಡಬೇಕು. ಒಲೆಗೆ ಹತ್ತಿ ಕಟಗಿ, ತೊಗರಿ ಕಟಗಿ, ಬಳ್ಳಾರಿ ಜಾಲಿ. ಸುಟ್ಟ ಮೇಲೆ ಚಾಕುವಿನಿಂದ ಕೆರೆದು, ಅರಿಷಿಣ ಹಚ್ಚಿ ತೊಳೆದು, ಮತ್ತೆ ಕೆರೆಯಬೇಕು. ಕಿವಿ ಒಳಗೆ, ಮೂಗಿನ ಒಳಗೆ, ಗೊರಸಿನ ಸಂದಿಯಲ್ಲಿ ಒಂದು ಕೂದಲು ಉಳಿದ್ರೂ ಊಟದ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಬೀಳುತ್ತೆ. ಬೋಟಿ ಇನ್ನೂ ಕಷ್ಟ. ಕರುಳು ತಿರುವಿ ತೊಳಿಬೇಕು. ಹೊಟ್ಟೆಯನ್ನ ಬಿಸಿ ನೀರಲ್ಲಿ ಅದ್ದಿ, ಸುಣ್ಣ ಹಚ್ಚಿ, ಮೇಲಿನ ಕರಿ ಪೊರೆ ಪೂರ್ತಿ ಕೆರೆದು ತೆಗೀಬೇಕು. ಆರು ನೀರು, ಏಳು ನೀರು. ಬೆಳಿಗ್ಗೆ ಎಂಟಕ್ಕೆ ಹಿತ್ತಲಿಗೆ ಕೂತ ಅವ್ವ ಎದ್ದು ಬರ್ತಿದ್ದದ್ದು ಹನ್ನೊಂದರ ಮೇಲೆ. ಆಮೇಲೆ ಬೇಯೋಕೆ ಹೊತ್ತು. ಅದಕ್ಕೆ ಪುಂಡಿಪಲ್ಯ ಇಲ್ಲವೇ ಹುಣಸೆ ಚಿಗುರಿನ ಹುಳಿ, ಮೇಲೆ ಎರಡು ಹಿಡಿ ತೊಗರಿ ಬ್ಯಾಳಿ. ಹುಳಿ ವಾಸನೆ ಹಿಡಿದಿಡುತ್ತೆ, ಬ್ಯಾಳಿ ಆರು ಜನಕ್ಕೆ ಸಾಲುವ ಹಾಗೆ ಮಾಡುತ್ತೆ. ಜ್ವಾಳದ ರೊಟ್ಟಿ ಮುರಿದು ಅದರಲ್ಲಿ ನೆನೆಸಿ ತಿಂದ್ರೆ... ಇರ್ಲಿ, ಇಲ್ಲಿ ಬರೆಯೋಕೆ ಹೋದ್ರೆ ಇತಿಹಾಸ ಅಲ್ಲೇ ಉಳಿಯುತ್ತೆ.

*

ಮೊದಲು ಕನ್ನಡದ ಹಳೆಯ ಅಡುಗೆ ಪುಸ್ತಕಗಳಲ್ಲಿ ಹುಡುಕಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯದ್ದೇ ಒಂದು ಭಾಗ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಇಡೀ ಕೃತಿಯನ್ನೇ ಬರೆದಿದ್ದಾನೆ. ಎರಡೂ ಸಸ್ಯಾಹಾರದ್ದು. ಮಂಗರಸ ಜೈನ ಕವಿ, ಅವನಿಂದ ಬೋಟಿ ಪಲ್ಯ ನಿರೀಕ್ಷಿಸೋದು ನನ್ನದೇ ತಪ್ಪು :-) ಹಾಗಂತ ಆ ಕಾಲದ ಕನ್ನಡಿಗರು ಮಾಂಸ ತಿಂತಿರ್ಲಿಲ್ಲ ಅಂತಲ್ಲ. ತಿನ್ನೋರ ಕೈಯಲ್ಲಿ ಕಂಠ-ಓಲೆಗರಿ ಇರ್ಲಿಲ್ಲ ಅಷ್ಟೇ.

ಆದ್ರೆ ಒಂದು ಕಡೆ ಸಿಕ್ತು, ಅದೂ ಅರಮನೆಯಲ್ಲಿ! ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ', ಸುಮಾರು 1130ರ ಸಂಸ್ಕೃತ ಗ್ರಂಥ. ಕಲ್ಯಾಣ ಅಂದ್ರೆ ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣ. 2019ರಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ರಲ್ಲ, ಅದೇ ಕಲ್ಯಾಣ. ಆ ಗ್ರಂಥದ ಅನ್ನಭೋಗ ಅನ್ನೋ ಭಾಗದಲ್ಲಿ ರಾಜನ ಊಟದ ವಿವರ ಬರುತ್ತೆ. ಪಿತ್ತಜನಕಾಂಗ, ಅಂದ್ರೆ ನಮ್ಮ ಕಲೇಜ, ಅಡಿಕೆ ಗಾತ್ರಕ್ಕೆ ಕತ್ತರಿಸಿ ಕೆಂಡದ ಮೇಲೆ ಸುಟ್ಟು, ಮಸಾಲೆಯಲ್ಲಿ ಹುರಿದು ಮೊಸರಿಗೆ ಹಾಕೋದು. ಕರುಳು ತೊಳೆದು ಒಳಗೆ ಮಜ್ಜೆ ತುಂಬಿ ಸುಡೋದು. ನೆತ್ತರಿನ ಅಡುಗೆಯೂ ಇದೆ. ಹೊಳೆ ದಂಡೆಯ, ಹೊಲದ ದೊಡ್ಡ ಕಪ್ಪು ಇಲಿಯನ್ನೂ ಬಿಟ್ಟಿಲ್ಲ.

ಓದಿ ನನಗೆ ಖುಷಿಯೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ಕರುಳು, ಕಲೇಜ, ನೆತ್ತರು ಕೀಳು ಅಂತ ಯಾರು ಹೇಳಿದ್ದು? ರಾಜ ತಿಂದಾಗ ಅದು ಭೋಗ, ಗ್ರಂಥಕ್ಕೆ ಸೇರುತ್ತೆ. ನಮ್ಮಜ್ಜಿ ಮಾಡಿದಾಗ ಬಾಗಿಲು ಮುಂದೆ ಮಾಡಿಕೊಂಡು ತಿನ್ನಬೇಕು. ತುಂಡು ಅದೇ. ಒಂದೇ ವ್ಯತ್ಯಾಸ, ರಾಜನ ಕರುಳು ತೊಳೆದೋರು ರಾಜ ಅಲ್ಲ.

ಮುಂದೆ 1520. ಆ ವರ್ಷ ನಮ್ಮ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲಶಾಹನಿಗೂ ದೊಡ್ಡ ಯುದ್ಧ ಆಯ್ತು. ಅದನ್ನ ವಿವರವಾಗಿ ಬರೆದಿಟ್ಟವನು ನ್ಯೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನೇ ವಿಜಯನಗರದ ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳೂ ಮಾರಾಟಕ್ಕಿದ್ವು, ಎಲ್ಲವನ್ನೂ ಜೀವಂತವಾಗೇ ಮಾರಬೇಕಿತ್ತು ಅಂತ ಬರೆದಿದ್ದಾನೆ. ಕೊಳ್ಳೋರಿಗೆ ತಾವು ಏನು ಕೊಳ್ತಿದ್ದೀವಿ ಅಂತ ಗೊತ್ತಾಗಲಿ ಅಂತ! ಅವನಿಗಿಂತ ಮುಂಚೆ ಬಂದಿದ್ದ ಪಾಯಸ್, ಬೀದಿ ಬೀದಿಯಲ್ಲೂ ಮಾರ್ತಿದ್ದ ಕುರಿ ಮಾಂಸವನ್ನ ಹಂದಿ ಮಾಂಸದಷ್ಟು ಕೊಬ್ಬಿದ್ದು, ಅಷ್ಟೇ ಶುಭ್ರ ಅಂತ ಹೊಗಳ್ತಾನೆ. ತೊಡೆ ಯಾರ ಮನೆಗೆ, ತಲೆ ಯಾರ ಮನೆಗೆ ಹೋಯ್ತು ಅನ್ನೋದು ಅವರಿಬ್ಬರ ಕಣ್ಣಿಗೂ ಬಿದ್ದ ಹಾಗಿಲ್ಲ. ಪರದೇಶದವರು, ಪೇಟೆ ನೋಡಿದ್ರು. ಹಿತ್ತಲು ಯಾರು ತೋರಿಸ್ತಾರೆ?

*

ಆಮೇಲೆ ನಿಜಾಮರ ಕಾಲ. 1948ರವರೆಗೆ ನಾವು ಹೈದರಾಬಾದ್ ನಿಜಾಮನ ಪ್ರಜೆಗಳು, 1956ರಲ್ಲಿ ಕನ್ನಡ ನಾಡಿಗೆ ಸೇರಿದ್ದು. ಆ ರಾಜ್ಯ ಹೋದ್ರೂ ಅಡುಗೆ ಉಳೀತು. ಕಾಲಿನದ್ದು 'ಪಾಯಾ'. ನಾಲಿಗೆ ಮತ್ತು ಕಾಲು ರಾತ್ರಿಯಿಡೀ ಬೇಯಿಸಿ ಬೆಳಿಗ್ಗೆ ಬಡಿಸೋದು 'ನಹಾರಿ'. ಹಗಲು ಅನ್ನೋ ಅರ್ಥದ ಅರಬ್ಬಿ ಪದ ಅದು. ಹೈದರಾಬಾದಿನಲ್ಲಿ ಇದನ್ನ ಬಡವರೂ ತಿಂದ್ರು, ನವಾಬರೂ ತಿಂದ್ರು. ಕಾಲು, ನಾಲಿಗೆಗೆ ಮರ್ಯಾದೆ ಕೊಟ್ಟ ಅಡುಗೆ ಅಂದ್ರೆ ಅದೇ ಅನ್ನಿಸುತ್ತೆ.

ಅದೇ ನಿಜಾಮ್ ರಾಜ್ಯದಲ್ಲಿ 1920ರಲ್ಲಿ ಸೈಯದ್ ಸಿರಾಜ್ ಉಲ್ ಹಸನ್ ಅನ್ನೋರು ರಾಜ್ಯದ ಜಾತಿ-ಬುಡಕಟ್ಟುಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದ್ರು. ಒಂದೊಂದು ಜಾತಿಗೂ ಅವರು ಏನು ತಿಂತಾರೆ ಅಂತ ಪಟ್ಟಿ ಬರುತ್ತೆ. ಕುರಿ, ಆಡು, ಕೋಳಿ, ಮೀನು... ಯಾವ ಪ್ರಾಣಿ ತಿಂತಾರೆ ಅನ್ನೋದರ ಮೇಲೆ ಸಮಾಜದಲ್ಲಿ ಅವರ ಮೆಟ್ಟಿಲು ಯಾವುದು ಅಂತ ಅಳೆಯೋದು ಆ ಕಾಲದ ರೂಢಿ. ಆದ್ರೆ ನಮ್ಮ ಊರುಗಳಲ್ಲಿ ಪ್ರಾಣಿಯ ಜೊತೆ ಅದರ ಭಾಗವೂ ಜಾತಿ ಹೇಳ್ತಿತ್ತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಮನೆಯವರು ಅಗ್ಗದ್ದನ್ನ *ಕೊಂಡು* ತಿಂದೋರು. ದುಡ್ಡಿದ್ದ ವಾರ ತೊಡೆ ತರಬಹುದಿತ್ತು, ಯಾರೂ ಬೇಡ ಅಂತಿರ್ಲಿಲ್ಲ. ಆದ್ರೆ ಊರ ಹೊರಗಿನ ಕೇರಿಗಳಿಗೆ ಎಷ್ಟೋ ತಲೆಮಾರು ಆ ಆಯ್ಕೆಯೇ ಇರ್ಲಿಲ್ಲ. ಸತ್ತ ದನ ಎಳೆಯೋ ಬಿಟ್ಟಿ ಕೆಲಸ ಅವರದ್ದು, ಅದರ ಮಾಂಸವೇ ಕೂಲಿ ಅನ್ನೋದು ಊರಿನ ಲೆಕ್ಕ. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ತಿನ್ನೋದು ಬಿಡಿ ಅಂತ ಜನಕ್ಕೆ ಕರೆ ಕೊಟ್ಟದ್ದು ಇದಕ್ಕೇ. ಅದು ನಾಲಿಗೆ ರುಚಿಯ ಮಾತಾಗಿರ್ಲಿಲ್ಲ, ಆ ಲೆಕ್ಕವನ್ನ ಒಪ್ಪೋಲ್ಲ ಅನ್ನೋ ಮಾತು.

ಹಾಗಾಗಿ 'ನಮ್ಮ ಹಿರಿಯರು ಎಷ್ಟು ಜಾಣರು, ಪ್ರಾಣಿಯ ಒಂದು ಭಾಗವನ್ನೂ ಕೆಡಿಸ್ತಿರ್ಲಿಲ್ಲ' ಅಂತ ಯಾರಾದ್ರೂ ಹೆಮ್ಮೆಪಟ್ಟಾಗ ನನಗೆ ಕಸಿವಿಸಿ ಆಗುತ್ತೆ. ಜಾಣತನ ಹೌದು. ಆದ್ರೆ ಯಾರ ಪಾಲಿಗೆ ಏನು ಉಳಿದಿತ್ತು ಅಂತಲೂ ಕೇಳಬೇಕಲ್ವಾ? ಮರಾಠವಾಡದ ಶಾಹು ಪಾಟೋಳೆ 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಅಂತ ಮರಾಠಿ ಪುಸ್ತಕ ಬರೆದ್ರು. ಮಹಾರ್, ಮಾಂಗ್ ಮನೆಗಳ ಅಡುಗೆಯ ದಾಖಲೆ ಅದು, 2024ರಲ್ಲಿ ಇಂಗ್ಲಿಷಿಗೂ ಬಂತು. ಮರಾಠವಾಡವೂ ನಮ್ಮ ಹಾಗೆ ನಿಜಾಮ್ ಸೀಮೆಯೇ. ನಮ್ಮ ದೋಆಬಿನ ಕೇರಿಗಳ ಅಡುಗೆಯನ್ನೂ ಅಲ್ಲಿಯೇ ಬೆಳೆದ ಯಾರಾದ್ರೂ ಹಾಗೆ ಕೂತು ಬರೀಬೇಕು ಅಂತ ಆಸೆ.

ಇದಕ್ಕೆ ಪೂರ್ತಿ ವಿರುದ್ಧ ಇರೋ ಒಂದು ಪದ್ಧತಿಯೂ ನಮ್ಮಲ್ಲೇ ಇದೆ. ಪಾಲು ಹಾಕೋದು. ಹಳೇ ಮೈಸೂರು ಕಡೆ ಗುಡ್ಡೆ ಬಾಡು ಅಂತಾರಲ್ಲ, ಅದೇ. ಹತ್ತು ಮನೆಯವರು ದುಡ್ಡು ಸೇರಿಸಿ ಒಂದು ಕುರಿ ತಂದು, ಕಡಿದು, ಹತ್ತು ಗುಂಪು ಮಾಡ್ತಾರೆ. ಪ್ರತಿ ಗುಂಪಿನಲ್ಲೂ ಸ್ವಲ್ಪ ತೊಡೆ, ಸ್ವಲ್ಪ ಕಲೇಜ, ಸ್ವಲ್ಪ ಬೋಟಿ, ಒಂದೊಂದು ಎಲುಬು. ಯಾರಿಗೂ ಒಳ್ಳೇದಷ್ಟೇ ಇಲ್ಲ, ಯಾರಿಗೂ ಉಳಿದದ್ದಷ್ಟೇ ಇಲ್ಲ. ಇದು ಎಷ್ಟು ಹಳೇದಿರಬಹುದು? ದೇವದುರ್ಗ ದಾಟಿ ಕೃಷ್ಣೆಯ ಆಚೆ ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ನವಶಿಲಾಯುಗದ ಒಂದು ದೊಡ್ಡ ನೆಲಗಟ್ಟು ಸಿಕ್ತು. ಅದರ ತುಂಬ ದನದ ಎಲುಬು, ಕಲ್ಲಿನ ಹತ್ಯಾರಗಳು. ಸುಮಾರು 4 ಸಾವಿರ ವರ್ಷದ ಹಿಂದೆ ಊರವರೆಲ್ಲ ಸೇರಿ ಪ್ರಾಣಿ ಕಡೀತಿದ್ದ ಜಾಗ ಅದು. ಪಾಲು ಹೇಗೆ ಹಾಕ್ತಿದ್ರೋ ಎಲುಬು ಹೇಳೋಲ್ಲ. ಆದ್ರೆ ಒಟ್ಟಿಗೆ ಕೂತು ಕಡಿದಿದ್ದು ನಿಜ.

*

ಅಜ್ಜಿ ಹೇಳ್ತಿದ್ದ 72ರ ಬರದ ಕಥೆಯಲ್ಲಿ ಒಂದು ವಿಚಿತ್ರ ಇತ್ತು. "ಆ ವರ್ಷ ಖಂಡ ಅಗ್ಗ ಆಗಿತ್ತು, ಜ್ವಾಳ ಇರ್ಲಿಲ್ಲ" ಅಂತಿದ್ದಳು. ಚಿಕ್ಕವನಿದ್ದಾಗ ಅಜ್ಜಿಗೆ ಲೆಕ್ಕ ತಪ್ಪಿದೆ ಅಂದ್ಕೊಂಡಿದ್ದೆ. ಬರದಲ್ಲಿ ಎಲ್ಲ ತುಟ್ಟಿ ಆಗಬೇಕಲ್ವಾ? ಈಗ ಗೊತ್ತಾಯ್ತು, ಅಜ್ಜಿ ಸರಿ. ಮೇವು-ನೀರಿಲ್ಲದೆ ಎಲ್ಲರೂ ಒಟ್ಟಿಗೆ ಕುರಿ-ದನ ಮಾರೋಕೆ ನಿಲ್ತಾರೆ, ಕೊಳ್ಳೋರಿಲ್ಲ, ಬೆಲೆ ಬೀಳುತ್ತೆ. ಅದೇ ಹೊತ್ತಿಗೆ ಕಾಳಿನ ಬೆಲೆ ಏರುತ್ತೆ. ಅಮರ್ತ್ಯ ಸೇನ್ 1981ರ ತಮ್ಮ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಪುಸ್ತಕದಲ್ಲಿ ಇಥಿಯೋಪಿಯಾದ ಕುರಿಗಾಹಿಗಳ ಬಗ್ಗೆ ಇದನ್ನೇ ತೋರಿಸಿದ್ದಾರೆ. ಹಿಂಡು ಮಾರಿದ್ರೂ ಹೊಟ್ಟೆ ತುಂಬುವಷ್ಟು ಕಾಳು ಬರ್ತಿರ್ಲಿಲ್ಲ. ಅಜ್ಜಿ ಆ ವರ್ಷ ಖಂಡವನ್ನ ಉದ್ದುದ್ದ ಸೀಳಿ, ಉಪ್ಪು-ಅರಿಷಿಣ ಹಚ್ಚಿ, ಹಗ್ಗದ ಮೇಲೆ ಬಟ್ಟೆ ಹಾಗೆ ಒಣಹಾಕಿದ್ದಳಂತೆ. ಆಮೇಲೆ ಒಂದೊಂದೇ ತುಂಡು, ಬ್ಯಾಳಿಯಲ್ಲಿ ರುಚಿಗೆ. ಅಗ್ಗದ ಮಾಂಸ ಅಂದ್ರೆ ಕೆಲವು ಸಲ ಇನ್ನೊಬ್ಬರ ಹಿಂಡು ಖಾಲಿಯಾದ ಸುದ್ದಿ.

ಇನ್ನು ನಮ್ಮ ಮನೆಯ ಇತಿಹಾಸದಲ್ಲಿ ದೊಡ್ಡ ಕ್ರಾಂತಿ ಅಂದ್ರೆ ಕುಕ್ಕರು. ಕಾಲು, ತಲೆ, ಕುತ್ತಿಗೆ ಇವು ಯಾಕೆ ಗಟ್ಟಿ ಗೊತ್ತಾ? ದಿನವಿಡೀ ಕೆಲಸ ಮಾಡೋ ಭಾಗಗಳು, ನರ-ಪೊರೆ ಜಾಸ್ತಿ, ಅದರಲ್ಲಿ ಕೊಲಾಜೆನ್ ಅನ್ನೋ ಪ್ರೋಟೀನ್. ಹಸಿಬಿಸಿ ಬೇಯಿಸಿದ್ರೆ ರಬ್ಬರು. ಬಹಳ ಹೊತ್ತು ನೀರಲ್ಲಿ ಬೆಂದ್ರೆ ಕರಗಿ ಜೆಲಟಿನ್ ಆಗುತ್ತೆ, ಅದೇ ಪಾಯಾದ ಆ ತುಟಿಗೆ ಅಂಟೋ ರಸ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟೋಲ್ಲ. ಕುಕ್ಕರಿನ ಒತ್ತಡದಲ್ಲಿ ಸುಮಾರು 120 ಮುಟ್ಟುತ್ತೆ. ಅರ್ಧ ದಿನದ ಕೆಲಸ ಮುಕ್ಕಾಲು ಗಂಟೆಗೆ ಇಳಿಯುತ್ತೆ.

ಇಲ್ಲೊಂದು ಸ್ವಾರಸ್ಯ ಇದೆ. ಕುಕ್ಕರಿನ ಮುತ್ತಜ್ಜನನ್ನ 1679ರಲ್ಲಿ ಮಾಡಿದವನು ಡೆನಿಸ್ ಪಾಪಾಂ ಅನ್ನೋ ಫ್ರೆಂಚ್ ವಿಜ್ಞಾನಿ, ಲಂಡನ್ನಿನಲ್ಲಿ. 1681ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅದರ ಹೆಸರೇ ಎಲುಬು ಮೆತ್ತಗೆ ಮಾಡುವ ಹೊಸ ಯಂತ್ರ ಅಂತ! ಅಂದ್ರೆ ಅನ್ನ-ಬ್ಯಾಳಿಗಿಂತ ಮುಂಚೆ ಕುಕ್ಕರು ಹುಟ್ಟಿದ್ದೇ ಅಗ್ಗದ ಎಲುಬಿನಿಂದ ಊಟ ತೆಗೆಯೋಕೆ. ಆದ್ರೆ ಎಲುಬಿನ ರಸವನ್ನೇ ನಂಬಿದ್ರೆ ಏನಾಗುತ್ತೆ ಅಂತಲೂ ಫ್ರಾನ್ಸ್ ನೋಡಿದೆ. 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಬಡವರಿಗೆ, ಆಸ್ಪತ್ರೆಗಳಿಗೆ ಎಲುಬಿನ ಜೆಲಟಿನ್ ಸೂಪು ಹಂಚಿದ್ರು, ಮಾಂಸಕ್ಕೆ ಸಮ ಅಂತ. 1841ರಲ್ಲಿ ಮಜಾಂಡಿ ನೇತೃತ್ವದ ಸಮಿತಿ ಪ್ರಯೋಗ ಮಾಡಿ, ಜೆಲಟಿನ್ ಒಂದರಿಂದಲೇ ಜೀವ ಹಿಡಿಯೋಲ್ಲ ಅಂತ ತೋರಿಸ್ತು. ನಮ್ಮವ್ವ ಎರಡು ಹಿಡಿ ಬ್ಯಾಳಿ ಹಾಕ್ತಿದ್ದಳಲ್ಲ, ಸಮಿತಿ ಇಲ್ಲದೇನೇ!

ಇನ್ನೊಂದು ಇಷ್ಟವಾದ ಪ್ರಸಂಗ ಬ್ರಿಟನ್ನಿನದು. ಎರಡನೇ ಮಹಾಯುದ್ಧದಲ್ಲಿ, 1940ರ ಮಾರ್ಚ್‌ನಲ್ಲಿ ಮಾಂಸಕ್ಕೆ ರೇಷನ್ ಬಂತು. ಉಳಿದ ಸಾಮಾನುಗಳ ಹಾಗೆ ತೂಕಕ್ಕಲ್ಲ, ಬೆಲೆಗೆ. ವಾರಕ್ಕೆ ತಲೆಗೆ 1 ಶಿಲ್ಲಿಂಗ್ 10 ಪೆನ್ನಿ ಮೌಲ್ಯದ ಮಾಂಸ. ಒಳ್ಳೇ ತುಂಡು ಬೇಕಾ? ಒಂದೇ ಹೊತ್ತಿಗೆ ಮುಗೀತು. ಅಗ್ಗದ್ದು ಆರಿಸಿದ್ರೆ ಜಾಸ್ತಿ ದಿನ. ಕಲೇಜ, ಮೂತ್ರಪಿಂಡದಂಥವು ಮೊದಲಿಗೆ ರೇಷನ್ನಿಗೇ ಸೇರಿರ್ಲಿಲ್ಲ. ಇಡೀ ದೇಶ ಒಮ್ಮೆಲೇ ನಮ್ಮವ್ವನ ಗಣಿತ ಕಲೀತು ನೋಡಿ.

*

ಈಗ ಒಂದು ತಪ್ಪೊಪ್ಪಿಗೆ.

2015ರಲ್ಲಿ ನಾನು ಇಂಜಿನಿಯರಿಂಗ್ ಸೇರಿದೆ, ದೂರದ ಊರಿನ ಕಾಲೇಜು. ಹಾಸ್ಟೆಲ್. ಮೊದಲ ಸೆಮಿಸ್ಟರಿನಲ್ಲಿ ಅವ್ವ ಬೋಟಿ ಒಣಗಿಸಿ, ಖಾರ ಹಾಕಿ ಹುರಿದು, ಸ್ಟೀಲ್ ಡಬ್ಬಿ ತುಂಬ ಕಳಿಸಿದ್ದಳು. ವಾರ ಇಟ್ರೂ ಕೆಡದ ಹಾಗೆ. ಡಬ್ಬಿ ತೆಗೆದಾಗ ರೂಮಿನ ಹುಡುಗ "ಏನೋ ಇದು ವಾಸನೆ" ಅಂತ ಮೂಗು ಮುಚ್ಚಿದ. ಇನ್ನೊಬ್ಬ "ಇದನ್ನೆಲ್ಲ ತಿಂತೀರಾ ನೀವು?" ಅಂದ. ಮೆಸ್ಸಿನಲ್ಲಿ ವಾರಕ್ಕೊಮ್ಮೆ ಚಿಕನ್ ತಿನ್ನೋರೇ ಇಬ್ಬರೂ. ನನಗೆ ಆ 'ನೀವು' ಅನ್ನೋ ಪದ ತಾಗ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿ ತಗೊಂಡು ಹೋಗಿ ಹಿಂದಿನ ಗೋಡೆಯಾಚೆ ಸುರಿದುಬಿಟ್ಟೆ. ಸೋಪು ಹಾಕಿ ಎರಡು ಸಲ ಡಬ್ಬಿ ತೊಳೆದೆ. ಫೋನ್ ಮಾಡಿ "ಭಾಳ ಚಲೋ ಇತ್ತಬೇ, ಎಲ್ರೂ ತಿಂದ್ರು" ಅಂದೆ.

ಆಮೇಲೆ ಅವ್ವ ಕಳಿಸಿದ್ದು ಶೇಂಗಾ ಚಟ್ನಿ, ರೊಟ್ಟಿ ಮಾತ್ರ. ಯಾಕೆ ಅಂತ ನಾನೂ ಕೇಳ್ಲಿಲ್ಲ.

ಈಗ ನಾನು ಕಂಪನಿಯಲ್ಲಿ ಪ್ರತಿ ಶುಕ್ರವಾರ ಟೈಮ್‌ಶೀಟ್ ತುಂಬಬೇಕು. ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ. ಕಾಲು ಗಂಟೆಯ ಮೀಟಿಂಗಿಗೂ ಲೆಕ್ಕ ಇದೆ, ಅಮೆರಿಕಾದ ಕ್ಲೈಂಟ್ ಅದಕ್ಕೂ ದುಡ್ಡು ಕೊಡ್ತಾನೆ. ಕಳೆದ ತಿಂಗಳು ಆ ಆಪ್‌ನ ರೇಟು ನೋಡಿದ ವಾರ, ಟೈಮ್‌ಶೀಟ್ ತುಂಬ್ತಾ ಹಾಗೇ ಅವ್ವನದ್ದೂ ಒಂದು ಬರೆದು ನೋಡಿದೆ. ತಲೆ ಸುಡೋದು, ಕೆರೆಯೋದು, ಬೋಟಿ ತೊಳೆಯೋದು, ನೀರು ಸೇದೋದು, ಕಟಗಿ ತರೋದು. ಒಂದು ಊಟಕ್ಕೆ ಕಡಿಮೆ ಅಂದ್ರೂ ಐದು ಗಂಟೆ ಬಂತು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆ ಐದು ಗಂಟೆಗೆ ಕಾಲಂ ಇರ್ಲಿಲ್ಲ. ಮಾನಸೋಲ್ಲಾಸದಲ್ಲೂ ಇಲ್ಲ, ನ್ಯೂನಿಜ್‌ನಲ್ಲೂ ಇಲ್ಲ.

ಆಗ ಅರ್ಥ ಆಯ್ತು. ಬೋಟಿ ಅಗ್ಗ ಆಗಿದ್ದದ್ದು ಬರೀ ಅದು ಕೀಳು ಭಾಗ ಅಂತಲ್ಲ. ಅದನ್ನ ಊಟ ಮಾಡೋಕೆ ಬೇಕಾದ ಕೆಲಸಕ್ಕೆ ಯಾರೂ ದುಡ್ಡು ಕೊಡ್ತಿರ್ಲಿಲ್ಲ, ಅದಕ್ಕೆ ಅಗ್ಗ. ಆಪ್‌ನವನು ಅದೇ ಕೆಲಸವನ್ನ ಸಂಬಳ ಕೊಟ್ಟು ಮಾಡಿಸಿದ ಕೂಡಲೇ ಕಾಲಿನ ರೇಟು ಏರಿತು. ಅವ್ವ ಫೋನಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದನ್ನ ನಾನು ಒಂದು ತಿಂಗಳು ಓದಿ ತಿಳ್ಕೊಂಡೆ. ನಮ್ಮ ಮನೇಲಿ ಉಳಿದ ದುಡ್ಡು ಕುರಿಯಿಂದ ಉಳಿದದ್ದಲ್ಲ, ಅವ್ವನ ಬೆನ್ನಿನಿಂದ ಉಳಿದದ್ದು. ಅದರಲ್ಲೇ ನನ್ನ ಕಾಲೇಜು ಫೀಸಿನ ಒಂದು ಪಾಲೂ ಇತ್ತು.

ಊರಿನಲ್ಲೂ ಈಗ ತಲೆ-ಕಾಲು ಮೊದಲಿನಷ್ಟು ಅಗ್ಗ ಇಲ್ಲ, ಸುಟ್ಟು ಕೊಡೋಕೆ ಬೇರೆ ಕೂಲಿ. ಅತಿ ಕಡಿಮೆ ಬೆಲೆಗೆ ಸಿಗ್ತಿದ್ದ ದನದ ಮಾಂಸವೂ, 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಉಳಿದ ಜಾನುವಾರು ವಧೆ ನಿಷೇಧಿಸಿದ 2020ರ ಕಾಯ್ದೆ 2021ರಲ್ಲಿ ಜಾರಿಯಾದ ಮೇಲೆ, ಅದನ್ನೇ ನಂಬಿದ್ದ ಮನೆಗಳ ಕೈಗೆ ಸಿಗದಂತಾಯ್ತು. ಇವತ್ತು ಬಡವರ ಮನೆಯ ಅಗ್ಗದ ಮಾಂಸ ಅಂದ್ರೆ ಕೋಳಿಯ ಕಾಲು, ಕುತ್ತಿಗೆ, ಗುಂಡಿಗೆ, ಚರ್ಮ. ಅಷ್ಟೇ ಬದಲಾಗಿರೋದು. ತೊಳೆಯೋ ಕೈಗಳು ಅವೇ.

ಹೋದ ವಾರ ಊರಿಗೆ ಹೋಗಿದ್ದೆ. ಬೋಟಿ ತಂದು ಹಿತ್ತಲಲ್ಲಿ ನಾನೇ ಕೂತೆ. ಅವ್ವ ಕಟ್ಟೆ ಮೇಲೆ ಕೂತು ನಗ್ತಾ ಹೇಳಿಕೊಡ್ತಿದ್ದಳು, "ಇನ್ನೊಂದು ನೀರು... ಕರಿ ಉಳದೈತಿ ನೋಡು... ಇನ್ನೊಂದು ನೀರು." ಎರಡು ಗಂಟೆಗೆ ನನ್ನ ಸೊಂಟ ಹಿಡೀತು. ಕೈ ವಾಸನೆ ಸಂಜೆವರೆಗೂ ಹೋಗ್ಲಿಲ್ಲ. ಅಲ್ಲೇ, ತಲೆ ಎತ್ತದೇನೇ, ಹಾಸ್ಟೆಲ್ ಡಬ್ಬಿಯ ವಿಷಯ ಹೇಳಿಬಿಟ್ಟೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಗೊತ್ತಿತ್ತೋ. ನೀನು ತಿಂದ ಡಬ್ಬಿ ಎಂದೂ ಅಷ್ಟು ಸ್ವಚ್ಛ ಬಂದಿರ್ಲಿಲ್ಲ" ಅಂದಳು.

ಹತ್ತು ವರ್ಷ!

"ಯಾಕ ಬೈಲಿಲ್ಲ ಮತ್ತ?" ಅಂದ್ರೆ, "ಅಲ್ಲೇ ಇರಬೇಕಲ್ಲೋ ನೀನು ನಾಕು ವರ್ಷ" ಅಂದು, ಬುಟ್ಟಿ ಕಡೆ ಕೈ ತೋರಿಸಿದಳು. "ಇನ್ನೊಂದು ನೀರು ಹಾಕು."

ಹಾಕಿದೆ.

ನಿಮ್ಮ ಮನೆಗಳಲ್ಲೂ ಇಂಥ ಅಡುಗೆ ಇದ್ದೇ ಇರುತ್ತೆ. ಮಾಂಸದ್ದೇ ಆಗಬೇಕಿಲ್ಲ, ಹೀರೆಕಾಯಿ ಸಿಪ್ಪೆ ಚಟ್ನಿಯೂ ಇದೇ ಜಾತಿಯದ್ದು. ಅದರ ರುಚಿಯ ಬಗ್ಗೆ ನಾವೆಲ್ಲ ಬೇಕಾದಷ್ಟು ಬರೆದಿದ್ದೀವಿ. ಒಂದು ಸಲ ಅದಕ್ಕೆ ಎಷ್ಟು ಗಂಟೆ ಹಿಡೀತಿತ್ತು, ಯಾರ ಗಂಟೆ ಅವು ಅಂತ ಮನೇಲಿ ಕೇಳಿ ನೋಡಿ. ಉತ್ತರ ಸಿಕ್ಕರೆ ನನಗೂ ತಿಳಿಸಿ.